280ರ ರೀಡಿಂಗಿಗೂ ಬ್ರಾಡ್‌ಫೋರ್ಡಿಗೂ ತಾಳೆಯಾಗುವುದಿಲ್ಲ, ಮಾಡಿ ಗೊತ್ತಿದ್ದವರು ಹೇಳಿ

ಪ್ರಶ್ನೆ: ಕಾಸರಗೋಡಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್. ಕಾಯಿತುರಿಯ ಪ್ರೋಟೀನನ್ನು 0.5 ಮೋಲಾರ್ ಉಪ್ಪಿರುವ ಟ್ರಿಸ್ ಬಫರಿನಲ್ಲಿ ತೆಗೆದಿದ್ದೇನೆ. ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂಬ ರೀಡಿಂಗ್ 280 ನ್ಯಾನೋಮೀಟರ್ ತರಂಗಾಂತರದಲ್ಲಿ 1.42, 260ರಲ್ಲಿ 1.10, 320ರಲ್ಲಿ 0.12. ಬಣ್ಣ ಸೇರಿಸಿ ಪ್ರೋಟೀನ್ ಅಳೆಯುವ ಬ್ರಾಡ್‌ಫೋರ್ಡ್ ವಿಧಾನದ ಪ್ರಕಾರ ಮಿಲಿಲೀಟರಿಗೆ 0.9 ಮಿಲಿಗ್ರಾಂ. ಯಾವುದನ್ನು ನಂಬಲಿ?

ಉತ್ತರ: ಮೊದಲು 320 ನೋಡಿ. ಅಲ್ಲಿ ಪ್ರೋಟೀನ್ ಬೆಳಕು ಹೀರುವುದೇ ಇಲ್ಲ. ನಿಮ್ಮ 0.12 ಮಬ್ಬಿನದ್ದು, ಕಾಯಿಯಲ್ಲಾದರೆ ಹೆಚ್ಚಾಗಿ ಎಣ್ಣೆಯದ್ದು. ಅದನ್ನು ಹಾಗೇ ಕಳೆದರೆ ಸಾಲದು. ತರಂಗಾಂತರ ಇಳಿದಷ್ಟೂ ಬೆಳಕು ಹೆಚ್ಚು ಚದುರುತ್ತದೆ, ಕಣ ಸಣ್ಣದಿದ್ದರೆ 280ರಲ್ಲಿ ಅದು 0.20ರ ಹತ್ತಿರ ಹೋಗುತ್ತದೆ. ತುರಿಯನ್ನು ಮೊದಲೇ ಹೆಕ್ಸೇನಿನಲ್ಲಿ ತೊಳೆದು ಕೊಬ್ಬು ತೆಗೆಯಿರಿ. ಆಮೇಲೆ 4 ಡಿಗ್ರಿಯಲ್ಲಿ 12,000 ಜಿ (ಗುರುತ್ವದ 12,000 ಪಟ್ಟು), 15 ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ. ಎಣ್ಣೆ ಅಡಿಗೆ ಕೂರುವುದಿಲ್ಲ, ಮೇಲೆ ತೇಲುತ್ತದೆ. ಪಿಪೆಟ್ ತುದಿಯನ್ನು ಆ ಪದರ ದಾಟಿಸಿ ನಡುವಿನ ದ್ರಾವಣ ಮಾತ್ರ ಎಳೆಯಿರಿ.

ನಂತರ ಅದೇ ಬಫರಿನಲ್ಲಿ ಅರ್ಧಕ್ಕೆ ತೆಳು ಮಾಡಿ ಓದಿ. ರೀಡಿಂಗೂ ಅರ್ಧವಾಗದಿದ್ದರೆ ಇನ್ನೂ ಏನೋ ತೊಂದರೆ ಉಂಟು.

ಉತ್ತರ: ಕ್ಯುವೆಟ್ (ಸ್ಯಾಂಪಲ್ ಸುರಿದು ಓದುವ ಪುಟ್ಟ ಪಾತ್ರೆ) ಕ್ವಾರ್ಟ್ಸ್‌ನದ್ದು ತಾನೇ? ಗಾಜು, ಸಾಮಾನ್ಯ ಪ್ಲಾಸ್ಟಿಕ್ ಎರಡೂ ಬೇಡ, 280ರ ಬೆಳಕನ್ನು ಅವೇ ಹೀರುತ್ತವೆ. ನಮ್ಮ ಮಳೆಗಾಲದಲ್ಲಿ ಇನ್ನೊಂದು: ಫ್ರಿಜ್ಜಿನಿಂದ ತೆಗೆದ ತಣ್ಣಗಿನ ಸ್ಯಾಂಪಲ್ ಸುರಿದ ಕೂಡಲೇ ಕ್ಯುವೆಟ್ ಹೊರಮೈ ಬೆವರುತ್ತದೆ, ರೀಡಿಂಗ್ ಏರುತ್ತದೆ. ಕೋಣೆಯ ಬಿಸಿಗೆ ಬಂದ ಮೇಲೆ ಒರಸಿ ಇಡಿ. ಯಂತ್ರದ ಡ್ಯುಟೀರಿಯಂ ದೀಪ (ನೇರಳಾತೀತ ಬೆಳಕು ಕೊಡುವುದು) ಹಾಕಿ, ಓದುವ ಮೊದಲು ಅರ್ಧ ಗಂಟೆ ಬಿಡಿ.

ಉತ್ತರ: 260ನ್ನು 280ರಿಂದ ಭಾಗಿಸಿದರೆ ನಿಮ್ಮದು 0.77. ಶುದ್ಧ ಪ್ರೋಟೀನಿನಲ್ಲಿ 0.57ರ ಆಸುಪಾಸು. ಮಬ್ಬು ಹೋದ ಮೇಲೂ ಹೀಗೇ ಇದ್ದರೆ 260ರಲ್ಲಿ ಹೆಚ್ಚು ಹೀರುವ ನ್ಯೂಕ್ಲಿಯಿಕ್ ಆಮ್ಲ (ಡಿಎನ್‌ಎ, ಆರ್‌ಎನ್‌ಎ) ಸೇರಿದೆ ಎಂಬ ಗುಮಾನಿ. 280ರ ರೀಡಿಂಗನ್ನು 1.55ರಿಂದ, 260ರದ್ದನ್ನು 0.76ರಿಂದ ಗುಣಿಸಿ ಕಳೆಯುವ ವಾರ್‌ಬರ್ಗ್–ಕ್ರಿಶ್ಚಿಯನ್ ಸೂತ್ರ ಉಂಟು, ಆದರೆ ಅದು ಯೀಸ್ಟಿನ ಈನೊಲೇಸ್ ಎಂಬ ಒಂದೇ ಕಿಣ್ವದ ಮೇಲೆ ಕಟ್ಟಿದ್ದು, ಅಂದಾಜಿಗೆ ಮಾತ್ರ. ಡಯಾಲಿಸಿಸ್ ಮಾಡಿ (ಸೂಕ್ಷ್ಮ ರಂಧ್ರದ ಚೀಲದಲ್ಲಿ ತುಂಬಿ ಬಫರಿನಲ್ಲಿ ಮುಳುಗಿಸಿಡುವುದು), ಹೊರಗಿನ ಬಫರನ್ನೇ ಬ್ಲ್ಯಾಂಕ್, ಅಂದರೆ ಸೊನ್ನೆಗೆ ಹೋಲಿಕೆಯಾಗಿ, ಇಡಿ. ಸಣ್ಣ ಅಣುಗಳಾದರೂ ಹೋಗುತ್ತವೆ.

"1 ರೀಡಿಂಗ್ ಅಂದರೆ 1 ಮಿಲಿಗ್ರಾಂ" ಎಂದು ಹಿಡಿಯಬೇಡಿ. ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) 0.67 ಕೊಡುತ್ತದೆ, ಲೈಸೋಜೈಮ್ ಎಂಬ ಕಿಣ್ವ 2.6. ಹೀರುವುದು ಮುಖ್ಯವಾಗಿ ಪ್ರೋಟೀನಿನೊಳಗಿನ ಎರಡು ಅಮೈನೊ ಆಮ್ಲಗಳು, ಟ್ರಿಪ್ಟೊಫಾನ್ (ಒಂದು ಮೋಲಾರಿನ ಲೆಕ್ಕದಲ್ಲಿ ರೀಡಿಂಗ್ 5500) ಮತ್ತು ಟೈರೋಸಿನ್ (1490). ಅವೆಷ್ಟಿವೆ ಎಂಬುದು ಪ್ರೋಟೀನಿನಿಂದ ಪ್ರೋಟೀನಿಗೆ ಬೇರೆ. ನಿಮ್ಮದು ಹತ್ತಾರು ಪ್ರೋಟೀನುಗಳ ಮಿಶ್ರಣ. ಹಾಗಾಗಿ ವರದಿಯಲ್ಲಿ ಬ್ರಾಡ್‌ಫೋರ್ಡ್ ಅಂಕಿಯನ್ನೇ, "ಬಿಎಸ್‌ಎ ಮಾನಕಕ್ಕೆ ಹೋಲಿಸಿ" ಎಂದು ಸೇರಿಸಿ ಬರೆಯಿರಿ. 280ನ್ನು ಮುಂದೆ ಪ್ರೋಟೀನ್ ಬೇರ್ಪಡಿಸುವ ಕಾಲಮ್ಮಿನಿಂದ ಇಳಿಯುವ ಫ್ರಾಕ್ಷನ್‌ಗಳಲ್ಲಿ ಪ್ರೋಟೀನ್ ಯಾವುದರಲ್ಲಿದೆ ಎಂದು ಹಿಡಿಯಲಿಕ್ಕೆ ಇಟ್ಟುಕೊಳ್ಳಿ.

ಉತ್ತರ: ಮುಂದೆ ಅಡಿಕೆ ತೆಗೆದುಕೊಳ್ಳುವವರಿಗೆ: ಅದರ ಚೊಗರೇ 280ರಲ್ಲಿ ಹೀರುತ್ತದೆ. ಅರೆಯುವಾಗಲೇ ಪಿವಿಪಿಪಿ (ಚೊಗರನ್ನು ಹಿಡಿದಿಡುವ, ಕರಗದ ಪುಡಿ) ಹಾಕದೆ ಈ ವಿಧಾನಕ್ಕೆ ಕೈಹಾಕಬೇಡಿ.