ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ನಿಜವಾದ ದೂರ ಎಷ್ಟು, ಪ್ರಯಾಣ ಎಷ್ಟು ಹೊತ್ತು?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ನಮ್ಮ ತಾಯಿಯವರಿಗೆ 68 ವರ್ಷ. ತಂಗಿಯ ಬಾಣಂತನಕ್ಕೆಂದು ಜೂನ್ ತಿಂಗಳಲ್ಲಿ ಒಬ್ಬರೇ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಡಲಿದ್ದಾರೆ. ನಾವು ನೋಡಿಟ್ಟಿರುವ ಟಿಕೆಟ್‌ನಲ್ಲಿ ಬುಧವಾರ ಬೆಳಗಿನ ಜಾವ 4.30ಕ್ಕೆ ಬೆಂಗಳೂರು ಬಿಟ್ಟು, ದುಬೈನಲ್ಲಿ ವಿಮಾನ ಬದಲಿಸಿ, ಅದೇ ಬುಧವಾರ ಮಧ್ಯಾಹ್ನ 1.30ಕ್ಕೆ ತಲುಪುವುದಾಗಿ ಇದೆ. ಒಂಬತ್ತೇ ಗಂಟೆಯಲ್ಲವೇ ಎಂದು ಅಮ್ಮ ಧೈರ್ಯವಾಗಿದ್ದಾರೆ; ತಂಗಿ ಇಪ್ಪತ್ತೊಂದೂವರೆ ಗಂಟೆ ಎನ್ನುತ್ತಾಳೆ. ಅಮ್ಮನಿಗೆ ಮಂಡಿನೋವಿರುವುದರಿಂದ ಕೇಳುತ್ತಿದ್ದೇನೆ. ಫ್ರಾಂಕ್‌ಫರ್ಟ್ ಮೂಲಕ ಹೋಗುವುದು ಮೇಲೇ?

ಉತ್ತರ 1 (ನಿವೃತ್ತ ಭೂಗೋಳ ಶಿಕ್ಷಕ, ಚಿತ್ರದುರ್ಗ)

ತಮ್ಮ ತಂಗಿಯವರ ಲೆಕ್ಕವೇ ಸರಿ. ಟಿಕೆಟ್‌ನಲ್ಲಿ ಹೊರಡುವ ಊರಿನ ಗಡಿಯಾರವನ್ನೂ ಇಳಿಯುವ ಊರಿನ ಗಡಿಯಾರವನ್ನೂ ಬೇರೆ ಬೇರೆಯಾಗಿಯೇ ಮುದ್ರಿಸುತ್ತಾರೆ. ಜೂನ್‌ನಲ್ಲಿ ನಮ್ಮ ಸಮಯ ಅಲ್ಲಿಗಿಂತ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಅಮ್ಮನವರು ಅಲ್ಲಿ ಇಳಿಯುವಾಗ ದಾವಣಗೆರೆಯಲ್ಲಿ ಗುರುವಾರ ನಸುಕಿನ 2 ಗಂಟೆ.

ಇನ್ನು ದೂರ. ಗ್ಲೋಬಿನ ಮೇಲೆ ಹೊಲಿಗೆಯ ದಾರವೊಂದನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆದು ನೋಡಿ. ದಾರವು ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ಸಾಗದೆ ಚೀನಾ, ಪೂರ್ವ ಸೈಬೀರಿಯಾ, ಅಲಾಸ್ಕಾಗಳ ಮೇಲೆ ಜಾರಿ ನಿಲ್ಲುತ್ತದೆ. ಆ ದಾರದ ಉದ್ದವೇ ಸುಮಾರು 14,000 ಕಿಲೋಮೀಟರ್. ಗೋಡೆಯ ನಕ್ಷೆ ಧ್ರುವದ ಕಡೆಯ ನೆಲವನ್ನು ಹಿಗ್ಗಿಸಿ ತೋರಿಸುವುದರಿಂದ ಈ ಒಳದಾರಿ ನಮಗೆ ಕಾಣುವುದೇ ಇಲ್ಲ. 2021ರ ಜನವರಿ 9ರ ರಾತ್ರಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ತಂಡ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾಯಿಸಿ ಬೆಂಗಳೂರಿಗೆ ತಂದದ್ದು ಸುಮಾರು 17 ಗಂಟೆಗಳಲ್ಲಿ. ಆದರೆ ಇಳಿದಾಗ ಇಲ್ಲಿ ತಾರೀಖು 11 ಆಗಿತ್ತು. ಅಮ್ಮನವರು ಹಿಂದಿರುಗುವಾಗಲೂ ಹೀಗೆಯೇ ಆಗುವುದರಿಂದ, ಕರೆತರಲು ಹೋಗುವ ದಿನವನ್ನು ಈಗಲೇ ಸರಿಯಾಗಿ ಬರೆದಿಟ್ಟುಕೊಳ್ಳಿ.

ಉತ್ತರ 2 (ಪಿ.ಜೆ. ಬಡಾವಣೆ, ದಾವಣಗೆರೆ)

ದುಬೈ ಮೂಲಕ 2,700 ಮತ್ತು 13,000, ಒಟ್ಟು 15,700 ಕಿಲೋಮೀಟರ್ ಆಗುತ್ತದೆ. ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,100, ಒಟ್ಟು 16,500. ದೂರ ಹೆಚ್ಚಾದರೂ ನಾನು ಎರಡನೆಯದನ್ನೇ ಹೇಳುತ್ತೇನೆ. ದುಬೈನಿಂದ ಮುಂದಕ್ಕೆ ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂರಬೇಕು. ನಮ್ಮ ಅತ್ತೆಯವರು ಹಾಗೆ ಹೋಗಿ ಇಳಿದಾಗ ಪಾದಗಳು ಊದಿ ಚಪ್ಪಲಿಯೇ ಹಿಡಿಸಿರಲಿಲ್ಲ. ಫ್ರಾಂಕ್‌ಫರ್ಟ್‌ನಲ್ಲಾದರೆ ಹತ್ತು ಗಂಟೆಯ ನಂತರ ಕಾಲು ಚಾಚಿ, ನಾಲ್ಕು ಹೆಜ್ಜೆ ಓಡಾಡಿ, ಉಳಿದ ಹನ್ನೊಂದೂವರೆ ಗಂಟೆಗೆ ಕೂರಬಹುದು. ಯಾವ ದಾರಿಯಾದರೂ ಗಾಲಿಕುರ್ಚಿಯ ಸಹಾಯವನ್ನು ಟಿಕೆಟ್ ಮಾಡಿಸುವಾಗಲೇ ಕೇಳಿಬಿಡಿ.

ಉತ್ತರ 3 (ಚಿತ್ರದುರ್ಗ)

ಮನೆಯಿಂದ ವಿಮಾನ ನಿಲ್ದಾಣದವರೆಗಿನ ಹೊತ್ತನ್ನು ಯಾರೂ ಸೇರಿಸಲಿಲ್ಲ. ತುಮಕೂರು ದಾಟಿದ ಮೇಲೆ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಬೆಂಗಳೂರಿನ ಒಳಗೆ ಹೋಗುವ ಅಗತ್ಯವಿಲ್ಲ. ಹಾಗಿದ್ದರೂ ಐದು ಗಂಟೆ ಹಿಡಿಯುತ್ತದೆ, ಮೂರು ಗಂಟೆ ಮುಂಚೆ ಅಲ್ಲಿರಬೇಕು. ಆದ್ದರಿಂದ ಬೆಳಗಿನ ಜಾವದ ಆ ವಿಮಾನಕ್ಕೆ ಮಂಗಳವಾರ ರಾತ್ರಿ 8ಕ್ಕೇ ಊಟ ಮುಗಿಸಿ ಹೊರಡಬೇಕಾಗುತ್ತದೆ. ತಾಯಿಯವರಿಗೆ ಒಂಬತ್ತು ಗಂಟೆ ಎನ್ನಬೇಡಿ, ಮನೆಯ ಹೊಸ್ತಿಲಿನಿಂದ ಮೂವತ್ತು ಗಂಟೆ ಎಂದೇ ಹೇಳಿ, ಮಾತ್ರೆಗಳನ್ನು ಅಷ್ಟು ಹೊತ್ತಿಗೆ ಎಣಿಸಿ ಕೈಚೀಲದಲ್ಲೇ ಇಟ್ಟುಕೊಡಿ.