ಸಹಾಯ ಬೇಕು: ಇಟಲಿಯ ಹಳೆಯ ಔಷಧ ಜಾಡಿಗಳ ಕಾಲನಿರ್ಣಯ

ಮಾನ್ಯರೇ, 15 ಮತ್ತು 16ನೇ ಶತಮಾನಗಳಲ್ಲಿ ಫಾಯೆಂಜಾ, ಡೆರೂಟಾ ಮುಂತಾದ ಊರುಗಳಲ್ಲಿ ಔಷಧದಂಗಡಿಗಳಿಗಾಗಿ ತಯಾರಾಗುತ್ತಿದ್ದ ಆಲ್ಬರೆಲ್ಲೊ ಎಂಬ ಚಿತ್ತಾರದ ಜಾಡಿಗಳ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಒತ್ತಾಗಿ ಜೋಡಿಸಿಟ್ಟಾಗಲೂ ಕೈಗೆ ಸುಲಭವಾಗಿ ಸಿಗಲೆಂದು ನಡು ಸಣ್ಣಗಿರುವುದು, ಚರ್ಮದ ಹಾಳೆಯನ್ನು ಹೊದಿಸಿ ದಾರ ಬಿಗಿಯಲೆಂದು ಬಾಯಂಚು ಹೊರಚಾಚಿರುವುದು, ತವರ ಬೆರೆತ ಬಿಳಿ ಮೆರುಗಿನ ಮೇಲೆ ಔಷಧದ ಹೆಸರನ್ನು ಬರೆದಿರುವುದು, ಇವೆಲ್ಲ ಸ್ಪಷ್ಟವಾಗಿವೆ. (ಈ ಆಕಾರವೇ ಪಶ್ಚಿಮ ಏಷ್ಯಾದಿಂದ ಹೋದದ್ದು.) ತೊಡಕಿರುವುದು 19ನೇ ಶತಮಾನದ ಅನುಕರಣೆಗಳಲ್ಲಿ. ಫ್ಲಾರೆನ್ಸಿನ ಕಾಂಟಗಾಲಿ ಕಾರ್ಖಾನೆಯ ಹುಂಜದ ಗುರುತಿದ್ದರೆ ಗುರುತಿಸುವುದು ಸುಲಭ. ಗುರುತೇ ಇಲ್ಲದವುಗಳನ್ನು ಮೂಲ ಜಾಡಿಗಳಿಂದ ಬೇರ್ಪಡಿಸುವುದು ಹೇಗೆ? ಸೆರಾಮಿಕ್ ಸಂರಕ್ಷಣೆಯಲ್ಲಿ ಅನುಭವವುಳ್ಳವರು ತಳ, ಮೆರುಗಿನ ಬಿರುಕು ಹಾಗೂ ಅಂಚಿನ ಸವೆತಗಳಲ್ಲಿ ಯಾವುದನ್ನು ಮೊದಲು ಪರಿಶೀಲಿಸಬೇಕೆಂದು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.