ನಕ್ಷೆ ಕೋಣೆಗೆ ಹಾಕಿದ್ದಾರೆ, ಇದರಲ್ಲಿ ಮುಂದೆ ದಾರಿ ಇದೆಯಾ? ಅನುಭವ ಇದ್ದವರು ಹೇಳಿ

ಕೇಳಿದವರು:
ಎಂ.ಲಿಬ್ ಮುಗಿಸಿ ಒಂದು ಲೈಬ್ರರಿಗೆ ಸೇರಿ ಎರಡು ವರ್ಷ ಆಯಿತು. ಹೋದ ತಿಂಗಳು ನನ್ನನ್ನು ನಕ್ಷೆಗಳ ಕೋಣೆಗೆ ಹಾಕಿದರು. ಬೀರುಗಳ ತುಂಬ ಹಳೆಯ ನಕ್ಷೆ, ಸರಿಯಾದ ಪಟ್ಟಿ ಇಲ್ಲ. ದಿನಕ್ಕೆ ಒಬ್ಬರು ಬಂದರೆ ಜಾಸ್ತಿ. ನನಗೆ ಇತಿಹಾಸ ಇಷ್ಟ. ಆದರೆ ಮನೆಯಲ್ಲಿ ಎಲ್ಲರೂ "ನಿನ್ನನ್ನ ಮೂಲೆಗೆ ತಳ್ಳಿದರು" ಅನ್ನುತ್ತಾರೆ. ಹೌದಾ?

ಮೈಸೂರಿನಿಂದ, ನಿವೃತ್ತ ಲೈಬ್ರರಿಯನ್:
ಇಲ್ಲ ಕಣಮ್ಮ. ನಾನು 22 ವರ್ಷ ಇಂಥದ್ದೇ ಕೋಣೆಯಲ್ಲಿದ್ದೆ. ಬೇಜಾರಾದಾಗೆಲ್ಲ ನನಗೆ ಧೈರ್ಯ ಕೊಟ್ಟದ್ದು ಹೆಲೆನ್ ವಾಲಿಸ್ ಅವರ ಬದುಕು. ಅದನ್ನೇ ಮೊದಲು ಹೇಳುತ್ತೇನೆ.

ಹುಟ್ಟಿದ್ದು 1924ರಲ್ಲಿ, ಇಂಗ್ಲೆಂಡಿನಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಭೂಗೋಳ ಓದಿದರು. 1951ರಲ್ಲಿ ಬ್ರಿಟಿಷ್ ಮ್ಯೂಸಿಯಂನ ನಕ್ಷೆ ಕೋಣೆಗೆ ಸಹಾಯಕಿಯಾಗಿ ಸೇರಿದರು. ಆಗ ಅಲ್ಲಿ ಮುಖ್ಯಸ್ಥರು ಆರ್. ಎ. ಸ್ಕೆಲ್ಟನ್. ಕೆಲಸ ಮಾಡುತ್ತಲೇ 1954ರಲ್ಲಿ ಡಾಕ್ಟರೇಟ್ ಪಡೆದರು. 1967ರಲ್ಲಿ ಸ್ಕೆಲ್ಟನ್ ಅವರ ಜಾಗಕ್ಕೆ ಇವರೇ ಬಂದರು. ಮ್ಯೂಸಿಯಂನ ಲೈಬ್ರರಿ ಬೇರೆಯಾಗಿ ಬ್ರಿಟಿಷ್ ಲೈಬ್ರರಿ ಆದ ಮೇಲೆ ಅಲ್ಲಿನ ನಕ್ಷೆ ಲೈಬ್ರರಿಯನ್ ಆಗಿ 1986ರವರೆಗೆ ಇದ್ದರು. ಅಂದರೆ 35 ವರ್ಷ ಒಂದೇ ವಿಭಾಗ. ಅಲ್ಲೇ ಕೂತು ಇತಿಹಾಸಕಾರ್ತಿ ಆದರು.

ಹೇಗೆ ಆದರು ಅನ್ನೋದು ನಿನಗೆ ಮುಖ್ಯ. ಪೆಟ್‌ವರ್ಥ್ ಹೌಸ್ ಅನ್ನೋ ದೊಡ್ಡ ಮನೆಯಲ್ಲಿ ಎಮರಿ ಮೊಲಿನೊ ಅನ್ನುವವನು ಮಾಡಿದ 1592ರ ಗ್ಲೋಬ್ ಇತ್ತು. ಇಂಗ್ಲೆಂಡಿನಲ್ಲಿ ತಯಾರಾದ ಮೊದಲ ಗ್ಲೋಬುಗಳು ಅವನವು. ಹೆಲೆನ್ 1951ರಲ್ಲೇ ಅದರ ಬಗ್ಗೆ ಬರೆದರು. ಬರೆದು ಮುಗಿಯಿತು ಅಂತ ಬಿಡಲಿಲ್ಲ, 1955ರಲ್ಲಿ ಅದೇ ವಿಷಯಕ್ಕೆ ಮತ್ತೆ ಬಂದು ಸಿಕ್ಕ ಹೊಸ ಸಂಗತಿ ಸೇರಿಸಿದರು. ಮ್ಯೂಸಿಯಂನಲ್ಲಿ 1623ರ ಒಂದು ಚೀನೀ ಗ್ಲೋಬ್ ಇತ್ತು, ಚೀನಾದಲ್ಲಿದ್ದ ಜೆಸ್ಯೂಟ್ ಪಾದ್ರಿಗಳು ಮಾಡಿಸಿದ್ದು. ಅದರ ಮೇಲಿನ ಬರಹವೆಲ್ಲ ಚೀನೀ. ಅದರ ಬಗ್ಗೆ 1962ರಲ್ಲಿ ಇನ್ನೊಬ್ಬ ಸಹೋದ್ಯೋಗಿ ಜೊತೆ ಸೇರಿ ಲೇಖನ ಬರೆದರು. ಒಬ್ಬರಿಗೆ ಎಲ್ಲ ಗೊತ್ತಿರಬೇಕಿಲ್ಲ, ಅಲ್ವಾ? ಕೈಯಲ್ಲಿರುವ ವಸ್ತುವಿನಿಂದಲೇ ಶುರು ಮಾಡಬೇಕು, ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಅವರ ಬದುಕಿನಲ್ಲಿ ನನಗೆ ತುಂಬ ಹಿಡಿಸಿದ್ದು ವಿನ್‌ಲ್ಯಾಂಡ್ ನಕ್ಷೆಯ ವಿಷಯ. ಕೊಲಂಬಸ್‌ಗಿಂತ ಮುಂಚಿನದು ಅಂತ ಅಮೆರಿಕದ ಯೇಲ್ ವಿಶ್ವವಿದ್ಯಾಲಯ 1965ರಲ್ಲಿ ಒಂದು ನಕ್ಷೆಯನ್ನೂ ಅದರ ಬಗ್ಗೆ ಒಂದು ಪುಸ್ತಕವನ್ನೂ ಪ್ರಕಟಿಸಿತು. ಆ ನಕ್ಷೆಯಲ್ಲಿ ಅಮೆರಿಕದ ತೀರ ಇತ್ತು. ಆ ಪುಸ್ತಕ ಬರೆದ ಮೂವರಲ್ಲಿ ಸ್ಕೆಲ್ಟನ್ ಒಬ್ಬರು. 1970ರಲ್ಲಿ ಅವರು ತೀರಿಕೊಂಡರು. 1974ರ ಹೊತ್ತಿಗೆ ಶಾಯಿಯಲ್ಲಿ ಈ ಕಾಲದ ಟೈಟಾನಿಯಂ ಬಣ್ಣ ಸಿಕ್ಕಿತ್ತು. ಆ ವರ್ಷ ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿಯಲ್ಲಿ ಇದರ ಬಗ್ಗೆ ಗೋಷ್ಠಿ ನಡೆಯಿತು, ಹೆಲೆನ್ ಅದರಲ್ಲಿ ಮುಂದೆ ನಿಂತರು. ತನಗೆ ಕೆಲಸ ಕಲಿಸಿದವರ ಹೆಸರು ಅಂಟಿಕೊಂಡಿದ್ದ ನಕ್ಷೆ ಅದು. ಆದರೂ ಪ್ರಶ್ನೆಯನ್ನು ಬಚ್ಚಿಡಲಿಲ್ಲ. ಅದು ನಕಲಿ ಅಂತ ಯೇಲ್ ತಾನೇ 2021ರಲ್ಲಿ ಹೇಳಿತು. ಆಗ ಹೆಲೆನ್ ಇರಲಿಲ್ಲ, 1995ರಲ್ಲೇ ಹೋಗಿಬಿಟ್ಟಿದ್ದರು.

ಈಗ ನನ್ನದು. ಒಂದು ಮಧ್ಯಾಹ್ನ ವಯಸ್ಸಾದ ಒಬ್ಬರು ಬಂದರು. ಅವರ ಅಜ್ಜಿಯ ಊರು ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿತ್ತು. ಊರು ಎಲ್ಲಿತ್ತು ಅಂತ ಒಮ್ಮೆ ನೋಡಬೇಕು ಅಂದರು. ನಮ್ಮ ಪಟ್ಟಿಯಲ್ಲಿ ಬರೀ "ಮೈಸೂರು ಜಿಲ್ಲೆ, ಹಳೆಯದು" ಅಂತ ಇತ್ತು. ಆ ಹೆಸರಿನ ಹಾಳೆ ಮೂವತ್ತಕ್ಕೂ ಜಾಸ್ತಿ! ಮೂರು ದಿನ ಹುಡುಕಿದೆ. ಕೊನೆಗೆ ಕಟ್ಟೆಗಿಂತ ಮುಂಚಿನ ಒಂದು ಹಾಳೆ ಸಿಕ್ಕಿತು. ಬಟ್ಟೆ ಅಂಟಿಸಿದ್ದು, ಮಡಿಕೆ ಇರುವಲ್ಲೆಲ್ಲ ಶಾಯಿ ಅಳಿಸಿತ್ತು. ಹೊಳೆ ಪಕ್ಕದಲ್ಲಿ ಊರಿನ ಹೆಸರು, ಒಂದು ಗುಡಿ, ಒಂದು ತೋಪು. ಅವರು ಬೆರಳು ತಾಗಿಸಲಿಲ್ಲ, ಗಾಜಿನ ಮೇಲಿಂದ ತೋಪನ್ನೇ ನೋಡುತ್ತ ಕೂತರು. "ಅಜ್ಜಿ ಹೇಳ್ತಿದ್ದ ಮಾವಿನ ತೋಪು" ಅಂದರು.

ಅವತ್ತೇ ನಾನು ಪಟ್ಟಿ ಬರೆಯುವ ರೀತಿ ಬದಲಾಯಿಸಿದೆ. ಶೀಟ್ ನಂಬರ್, ಸ್ಕೇಲ್, ಸರ್ವೆ ಆದ ವರ್ಷ, ಅಚ್ಚಾದ ವರ್ಷ ಬರೆ. ಈ ಎರಡು ವರ್ಷ ಬೇರೆ ಬೇರೆ ಇರುತ್ತವೆ, ಮರೆಯಬೇಡ. ಮೈಸೂರು, ಶ್ರೀರಂಗಪಟ್ಟಣ, ಕೆಆರ್‌ಎಸ್ ಮೂರೂ ಸರ್ವೆ ಆಫ್ ಇಂಡಿಯಾದ 57ಡಿ/11 ಟೋಪೋಶೀಟ್‌ನಲ್ಲಿವೆ, ಅಂದರೆ ಊರು, ಗುಡ್ಡ, ಹೊಳೆ ತೋರಿಸುವ ಆ ನಂಬರಿನ ನಕ್ಷೆ ಹಾಳೆಯಲ್ಲಿ. ಆದರೆ ಬರುವವರು ಯಾರೂ ನಂಬರ್ ಹಿಡಿದು ಕೇಳುವುದಿಲ್ಲ. ಊರು ಕೇಳುತ್ತಾರೆ, ಕೆರೆ ಕೇಳುತ್ತಾರೆ. ಅದಕ್ಕೇ ಊರು, ಕೆರೆ, ಹಳ್ಳದ ಹೆಸರೂ ಬರೆ. ದಿನಕ್ಕೆ ಎರಡೇ ಹಾಳೆ ಆದರೂ ಸಾಕು. ವರ್ಷ ಕಳೆಯುವಷ್ಟರಲ್ಲಿ ಆ ಬೀರು ನಿನ್ನಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಸಂಶೋಧಕರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ.

ಒಂದು ನಿಜವನ್ನೂ ಹೇಳಬೇಕು. ನಕ್ಷೆ ಲೈಬ್ರರಿಯನ್ ಅನ್ನೋ ಹುದ್ದೆ ನಮ್ಮ ಕಡೆ ಬಹಳ ಅಪರೂಪ. ಬಡ್ತಿ ಬೇರೆ ಹುದ್ದೆಯ ಹೆಸರಿನಲ್ಲೇ ಬರುತ್ತದೆ. ಬರಲಿ, ಕೋಣೆ ಬಿಡಬೇಡ.

ಬೆಂಗಳೂರಿನಿಂದ, ಹಳೆಯ ಕಾಗದ ರಿಪೇರಿ ಕೆಲಸದವರು:
ಮೇಡಂ, ದಯವಿಟ್ಟು ಸೆಲ್ಲೋಟೇಪ್ ಹಚ್ಚಬೇಡಿ. ನಾನು ಹೋಗಿದ್ದ ಒಂದು ಕಚೇರಿಯಲ್ಲಿ ಹರಿದ ನಕ್ಷೆಗೆಲ್ಲ ಟೇಪ್ ಹಾಕಿ, ಒಳ್ಳೆಯದನ್ನೆಲ್ಲ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದರು. ಟೇಪಿನ ಗೋಂದು ಹಳದಿಯಾಗಿ ಕಾಗದದೊಳಗೆ ಇಳಿದಿತ್ತು. ಲ್ಯಾಮಿನೇಷನ್ ಬಿಡಿಸೋಕೆ ಹೋದರೆ ಹಾಳೆಯೂ ಜೊತೆಗೇ ಬರುತ್ತದೆ. ಆ ಸಂಕಟ ನೋಡೋಕಾಗಲಿಲ್ಲ. ನಕ್ಷೆ ಚಪ್ಪಟೆಯಾಗಿ ಮಲಗಿರಲಿ, ಅಗಲವಾದ ಡ್ರಾಯರಿನಲ್ಲಿ. ಹಳೆಯ ಮಡಿಕೆಯಲ್ಲೇ ಮತ್ತೆ ಮಡಚಬೇಡಿ. ಮೇಜಿನ ಮೇಲೆ ಪೆನ್ನು ಬೇಡ, ಪೆನ್ಸಿಲ್ ಮಾತ್ರ.

ಧಾರವಾಡದಿಂದ, ಸರ್ವೆ ಇಲಾಖೆಯಲ್ಲಿ ಇದ್ದವರು:
ಮೈಸೂರಿನ ಹಿರಿಯರು ಹೇಳಿದ್ದು ಖರೇ ಅದ. ನಾನು ಒಂದು ಮಾತು ಸೇರಿಸುತ್ತೇನೆ. ನಿಮ್ಮ ಬೀರುವಿನಲ್ಲಿ ಊರಿನ ನಕಾಶೆ, ಟಿಪ್ಪಣಿ (ಹೊಲ ಅಳೆದಾಗ ಬರೆದ ಅಳತೆಯ ಚಿತ್ರ), ಆಕಾರಬಂದ್ (ಹೊಲಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ಇದ್ದರೆ ಅವನ್ನು ಬೇರೆ ಬೇರೆ ಮಾಡಬೇಡಿ, ಒಂದು ಇನ್ನೊಂದಕ್ಕೆ ಸಾಕ್ಷಿ. ಅಳತೆ ಕಲಿಯಿರಿ. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ (ಇಲ್ಲಿ ಆಣೆ ಉದ್ದದ ಅಳತೆ, ದುಡ್ಡಲ್ಲ), 40 ಗುಂಟೆಗೆ ಒಂದು ಎಕರೆ. ಇದು ಗೊತ್ತಾದರೆ ಟಿಪ್ಪಣಿಯ ಗೆರೆ ಹೊಲದ ಬದುವಿನ ಹಾಗೆ ಕಾಣುತ್ತದೆ. ನಮ್ಮ ಕಡೆಯ ಹಳೆಯ ಕಾಗದ ಎಷ್ಟೋ ಮೋಡಿ ಲಿಪಿಯಲ್ಲಿವೆ, ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಕೂಡಕ್ಷರ ಅದು. ನಾಲ್ಕು ತಿಂಗಳು ಕೂತರೆ ಓದಲು ಬರುತ್ತದೆ. ಅಲ್ಲಿಯವರೆಗೆ ಬಿಡಿಸಲಾಗದ ಸಾಲು ಸಿಕ್ಕರೆ ಇಲ್ಲೇ ಫೋಟೋ ಹಾಕಿರಿ, ನಾನು ಓದಿ ಹೇಳುತ್ತೇನೆ.